ಹಿಗ್ಗಿ ಕುಗ್ಗುವ ಉಡುಪು: ಪಿಲಾಟೆಸ್ ವ್ಯಾಯಾಮದ ಬಟ್ಟೆಯ ಆಯ್ಕೆ ಮತ್ತು ಆರೈಕೆ

ದಿನಕ್ಕೆ ಮೂರು ನಾಲ್ಕು ಗಂಟೆಗಳ ಕಾಲ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ವೃತ್ತಿ ನನ್ನದು. ಕೆಲವು ವರ್ಷಗಳ ಹಿಂದೆ ಸೊಂಟನೋವು ಕಾಣಿಸಿಕೊಂಡಾಗ, ವೈದ್ಯರ ಸಲಹೆಯಂತೆ ಪಿಲಾಟೆಸ್ ಎಂಬ ವ್ಯಾಯಾಮದ ತರಗತಿಗೆ ಸೇರಿದೆನು. ಅದಕ್ಕೆಂದೇ, ಎಳೆದರೆ ಹಿಗ್ಗುವ ಲೆಗ್ಗಿಂಗ್ಸ್ ಒಂದನ್ನು ಕೊಂಡುಕೊಂಡೆನು. ಮನೆಯ ಇತರ ಬಟ್ಟೆಗಳಂತೆಯೇ ಅದನ್ನೂ ಬಿಸಿನೀರಿನಲ್ಲಿ ನೆನೆಹಾಕಿ, ಬೆವರಿನ ವಾಸನೆ ಹೋಗಲೆಂದು ಕ್ಲೋರಿನ್ನಿನ ಬ್ಲೀಚನ್ನು ಬೆರಸಿ, ಕಲ್ಲಿನ ಮೇಲೆ ಬಡಿದು ಒಗೆದು, ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿಯನ್ನೂ ಮಾಡುತ್ತಿದ್ದೆನು. ಮೂರು ತಿಂಗಳೊಳಗೆ ಮೊಣಕಾಲಿನ ಬಳಿ ಬಟ್ಟೆ ಜೋತುಬಿದ್ದಿತು. ಒಂದು ದಿನ ಮುಂದಕ್ಕೆ ಬಾಗಿದಾಗ, ಹಿಂದಿನ ಸಾಲಿನಲ್ಲಿದ್ದ ಗೆಳತಿಯೊಬ್ಬಳು ಮೆಲ್ಲನೆ ಬಳಿಗೆ ಬಂದು, ಬಟ್ಟೆಯೊಳಗಿನಿಂದ ಒಳಉಡುಪು ಕಾಣುತ್ತಿದೆಯೆಂದು ತಿಳಿಸಿದಳು. ಸಂಕೋಚದಿಂದ ಎರಡು ವಾರ ತರಗತಿಗೆ ಹೋಗಲಿಲ್ಲ. ಸೊಂಟನೋವು ಮರಳಿ ಬಂದಿತು.

ಸ್ಥಿತಿಸ್ಥಾಪಕತೆಯ ಪಾಠವನ್ನು ವರ್ಷವರ್ಷವೂ ಹೇಳುವವಳು ತನ್ನ ಉಡುಪಿನ ಸ್ಥಿತಿಸ್ಥಾಪಕತೆಯನ್ನೇ ಕೈಯಾರೆ ಕೆಡಿಸಿಕೊಂಡದ್ದು ವಿಚಿತ್ರವೇ ಸರಿ. ಆ ಬಳಿಕ ನಾನು ಕಲಿತುಕೊಂಡ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಬಟ್ಟೆಯ ದೋಷದಿಂದ ವ್ಯಾಯಾಮವನ್ನೇ ಬಿಟ್ಟುಬಿಡುವ ಪ್ರಸಂಗ ಇತರ ಸೋದರಿಯರಿಗೆ ಬಾರದಿರಲಿ ಎಂಬುದೇ ಇದರ ಉದ್ದೇಶ.

ವ್ಯಾಯಾಮದ ಸ್ವರೂಪ

ಈ ವ್ಯಾಯಾಮಪದ್ಧತಿಯನ್ನು ರೂಪಿಸಿದವನು ಜೋಸೆಫ್ ಪಿಲಾಟೆಸ್. ಈತನು ೧೮೮೩ರಲ್ಲಿ ಜರ್ಮನಿಯಲ್ಲಿ ಜನಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಈತನನ್ನು ಶತ್ರುದೇಶದ ಪ್ರಜೆಯೆಂದು ಶಿಬಿರದಲ್ಲಿ ಬಂಧಿಸಿಟ್ಟಿದ್ದರು. ಮುಂದೆ ನ್ಯೂಯಾರ್ಕಿನಲ್ಲಿ ನೆಲಸಿ, ವ್ಯಾಯಾಮಶಾಲೆಯನ್ನು ತೆರೆದು, ೧೯೬೭ರಲ್ಲಿ ಅಲ್ಲಿಯೇ ತೀರಿಕೊಂಡನು. ತನ್ನ ಪದ್ಧತಿಯನ್ನು ಅವನು ‘ಕಂಟ್ರಾಲಜಿ’, ಎಂದರೆ ಹತೋಟಿಯ ಶಾಸ್ತ್ರ, ಎಂದು ಕರೆದಿದ್ದನು. ಓಟ ನೆಗೆತಗಳು ಇದರಲ್ಲಿಲ್ಲ. ಬೆನ್ನೆಲುಬನ್ನು ನಿಧಾನವಾಗಿ ಬಾಗಿಸುವುದು, ಮೊಣಕಾಲುಗಳನ್ನು ಅಪ್ಪಿಕೊಂಡು ಬೆನ್ನಿನ ಮೇಲೆ ಚೆಂಡಿನಂತೆ ಉರುಳುವುದು, ಮಲಗಿ ಕಾಲುಗಳನ್ನು ಮೇಲೆತ್ತುವುದು, ಇವೆಲ್ಲಕ್ಕೂ ಉಸಿರಾಟವನ್ನು ಹೊಂದಿಸುವುದು ಇದರ ಕ್ರಮ. ಕೆಲವೆಡೆ ಸ್ಪ್ರಿಂಗುಗಳಿಂದ ಎಳೆಯಲ್ಪಡುವ, ಜಾರುವ ಹಲಗೆಯುಳ್ಳ ಯಂತ್ರವನ್ನೂ ಬಳಸುವರು.

ಉಡುಪಿನ ಲಕ್ಷಣಗಳು ಈ ಚಲನೆಗಳಿಂದಲೇ ನಿರ್ಧಾರವಾಗುತ್ತವೆ. ಬಟ್ಟೆ ಬಹಳ ಸಡಿಲವಾಗಿದ್ದರೆ ಬೆನ್ನು ಸರಿಯಾಗಿ ಬಾಗಿದೆಯೇ ಎಂಬುದು ಕಲಿಸುವವರಿಗೆ ಕಾಣದು. ಕಾಲೆತ್ತಿದಾಗ ಅಂಗಿ ಮುಖದ ಮೇಲೆ ಬೀಳುವುದು. ಯಂತ್ರದ ಸ್ಪ್ರಿಂಗಿನಲ್ಲಿ ಸೆರಗೋ ದುಪ್ಪಟ್ಟವೋ ಸಿಕ್ಕಿಕೊಂಡರೆ ಅಪಾಯವೂ ಉಂಟು. ಬೆನ್ನಿನ ಕಡೆ ಗುಂಡಿ, ಜಿಪ್ಪು, ಗಂಟುಗಳಿದ್ದರೆ ಉರುಳುವಾಗ ಅವು ಬೆನ್ನೆಲುಬಿಗೆ ಒತ್ತುತ್ತವೆ. ಆದುದರಿಂದ ಮೈಗೆ ಹೊಂದಿಕೊಂಡು, ಮೈಯೊಡನೆ ಹಿಗ್ಗಿ, ಮೈಯೊಡನೆ ಮರಳುವ ಉಡುಪು ಬೇಕಾಗುತ್ತದೆ.

ಚರ್ಮ ಎಷ್ಟು ಹಿಗ್ಗುತ್ತದೆಂಬುದನ್ನು ಮನೆಯಲ್ಲಿಯೇ ಅಳೆಯಬಹುದು. ನೇರವಾಗಿ ನಿಂತು, ಮೊಣಕಾಲಿನ ಮುಂಭಾಗದಲ್ಲಿ ಮೇಲೊಂದು ಕೆಳಗೊಂದರಂತೆ ೧೦ ಸೆಂಟಿಮೀಟರ್ ಅಂತರದಲ್ಲಿ ಎರಡು ಚುಕ್ಕಿಗಳನ್ನಿಡಿ. ಈಗ ಕುಕ್ಕರಗಾಲಿನಲ್ಲಿ ಕುಳಿತು ದರ್ಜಿಯ ಟೇಪಿನಿಂದ ಅಳೆದರೆ, ಅಂತರವು ೧೩ ಅಥವಾ ೧೪ ಸೆಂಟಿಮೀಟರಿಗೆ ಬೆಳೆದಿರುವುದು ಕಾಣುತ್ತದೆ. ಬಟ್ಟೆಯೂ ಇಷ್ಟು ಹಿಗ್ಗಬೇಕು. ಎದ್ದು ನಿಂತೊಡನೆ ಮತ್ತೆ ಹತ್ತಕ್ಕೆ ಮರಳಬೇಕು. ಹಿಗ್ಗುವುದು ಸುಲಭ; ಮರಳುವುದೇ ಕಷ್ಟ.

ಎಳೆಯ ಒಳಗುಟ್ಟು

ಈ ಮರಳುವ ಕೆಲಸವನ್ನು ಮಾಡುವುದು ಬಟ್ಟೆಯಲ್ಲಿ ಅಲ್ಪಾಂಶವಾಗಿರುವ ಇಲಾಸ್ಟೇನ್ ಎಂಬ ಎಳೆ. ಸ್ಪ್ಯಾಂಡೆಕ್ಸ್ ಎಂಬುದೂ ಇದರ ಹೆಸರೇ. ಲೈಕ್ರಾ ಎಂಬುದು ಇದರ ಒಂದು ವ್ಯಾಪಾರನಾಮ. ೧೯೫೮ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯ ರಸಾಯನವಿಜ್ಞಾನಿ ಜೋಸೆಫ್ ಶಿವರ್ಸ್ ಇದನ್ನು ಕಂಡುಹಿಡಿದನು. ವ್ಯಾಯಾಮದ ಲೆಗ್ಗಿಂಗ್ಸ್‌ನಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ೧೫ರಿಂದ ೨೫ ಪಾಲು ಇರುತ್ತದೆ. ಉಳಿದುದು ನೈಲಾನ್ ಅಥವಾ ಪಾಲಿಯೆಸ್ಟರ್.

ಇಲಾಸ್ಟೇನಿನ ಅಣುಗಳು ಉದ್ದವಾದ ಸರಪಣಿಗಳು. ಒಂದೊಂದು ಸರಪಣಿಯಲ್ಲಿಯೂ ಮೃದುವಾದ ಭಾಗ, ಗಡುಸಾದ ಭಾಗ ಎಂದು ಎರಡು ಬಗೆಯ ತುಂಡುಗಳು ಒಂದಾದ ಮೇಲೊಂದು ಬರುತ್ತವೆ. ಮೃದುಭಾಗಗಳು ಸಿಕ್ಕುಬಿದ್ದ ನೂಲಿನಂತೆ ಸುರುಳಿಗೊಂಡಿರುತ್ತವೆ. ಎಳೆದಾಗ ಅವು ನೆಟ್ಟಗಾಗುತ್ತವೆ. ಬಿಟ್ಟೊಡನೆ, ಅಣುಗಳ ಉಷ್ಣಚಲನೆಯ ಕಾರಣದಿಂದ ಮತ್ತೆ ಸುರುಳಿಯಾಗುತ್ತವೆ. ಗಡುಸು ಭಾಗಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಳಂತೆ ವರ್ತಿಸಿ, ಸರಪಣಿಗಳು ಪರಸ್ಪರ ಜಾರಿಹೋಗದಂತೆ ತಡೆಯುತ್ತವೆ. ಈ ರಚನೆಯಿಂದಾಗಿ ಇಲಾಸ್ಟೇನಿನ ಎಳೆ ತನ್ನ ಉದ್ದದ ಐದು ಪಟ್ಟಿನವರೆಗೂ ಹಿಗ್ಗಿ ಮರಳಬಲ್ಲದು.

ನನ್ನ ತಪ್ಪು ಏನೆಂಬುದು ಈಗ ತಿಳಿಯುತ್ತದೆ. ಕ್ಲೋರಿನ್ ಈ ಸರಪಣಿಗಳನ್ನು ರಾಸಾಯನಿಕವಾಗಿ ಕತ್ತರಿಸುತ್ತದೆ. ಹೆಚ್ಚು ಶಾಖವು ಗಂಟುಗಳನ್ನು ಸಡಿಲಿಸುತ್ತದೆ. ಕಾರ್ಖಾನೆಯಲ್ಲಿ ಇಂಥ ಬಟ್ಟೆಯ ಅಳತೆಯನ್ನು ಸ್ಥಿರಗೊಳಿಸಲು ಅದನ್ನು ಚೌಕಟ್ಟಿಗೆ ಬಿಗಿದು ಸುಮಾರು ೧೮೦ರಿಂದ ೨೦೦ ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕೊಡುತ್ತಾರೆ. ಹತ್ತಿಗೆಂದು ಗುರುತಿಸಿದ ಸ್ಥಾನದಲ್ಲಿ ಇಸ್ತ್ರಿಪೆಟ್ಟಿಗೆಯ ತಳವೂ ಸುಮಾರು ೨೦೦ ಡಿಗ್ರಿಗೆ ಏರುತ್ತದೆ. ಜೋತುಬಿದ್ದ ಮೊಣಕಾಲನ್ನು ನಾನು ಎಳೆದು ಹಿಡಿದು ಇಸ್ತ್ರಿ ಮಾಡಿದಾಗಲೆಲ್ಲ, ಆ ಜೋತುಬಿದ್ದ ಆಕಾರವನ್ನೇ ಬಟ್ಟೆಗೆ ಕಲಿಸಿಕೊಡುತ್ತಿದ್ದೆನು.

ಪಾರದರ್ಶಕತೆಯ ಲೆಕ್ಕ

ಬಾಗಿದಾಗ ಬಟ್ಟೆ ಏಕೆ ತೆಳುವಾಗುತ್ತದೆ? ಚದರ ಮೀಟರಿಗೆ ೨೦೦ ಗ್ರಾಂ ತೂಗುವ ಬಟ್ಟೆಯನ್ನು ತೆಗೆದುಕೊಳ್ಳೋಣ. ಅದು ಉದ್ದ ಅಗಲ ಎರಡರಲ್ಲಿಯೂ ನೂರಕ್ಕೆ ಇಪ್ಪತ್ತರಂತೆ ಹಿಗ್ಗಿದರೆ, ವಿಸ್ತೀರ್ಣವು ೧.೨ × ೧.೨, ಎಂದರೆ ೧.೪೪ ಪಟ್ಟು ಆಗುತ್ತದೆ. ಅಷ್ಟೇ ನೂಲು ಹೆಚ್ಚು ಜಾಗವನ್ನು ಮುಚ್ಚಬೇಕಾದುದರಿಂದ, ಚದರ ಮೀಟರಿಗೆ ಉಳಿಯುವುದು ಸುಮಾರು ೧೩೯ ಗ್ರಾಂ ಮಾತ್ರ. ಹೆಣಿಗೆಯ ಕುಣಿಕೆಗಳು ಬಾಯ್ದೆರೆದು, ಬೆಳಕು ನುಸುಳುತ್ತದೆ. ಅಳತೆಯಲ್ಲಿ ಚಿಕ್ಕದಾದ ಉಡುಪನ್ನು ಕೊಂಡರೆ ನಿಂತಾಗಲೇ ಈ ಹಿಗ್ಗು ಖರ್ಚಾಗಿರುತ್ತದೆ. ಅಲ್ಲದೆ, ತಿಳಿಬಣ್ಣದ ಬಟ್ಟೆ ಬೆವರಿನಲ್ಲಿ ತೊಯ್ದಾಗ, ಎಳೆಗಳ ನಡುವಣ ಗಾಳಿಯ ಸ್ಥಾನವನ್ನು ನೀರು ತುಂಬಿ, ಬೆಳಕಿನ ಚದರಿಕೆ ಕಡಿಮೆಯಾಗಿ, ಬಟ್ಟೆ ಇನ್ನಷ್ಟು ಪಾರದರ್ಶಕವಾಗುತ್ತದೆ. ಗಾಢವರ್ಣದ ಬಟ್ಟೆ ಬೆಳಕನ್ನು ಹೀರಿಕೊಳ್ಳುವುದರಿಂದ ಈ ತೊಂದರೆ ಅದರಲ್ಲಿ ಕಡಿಮೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದಾಗಿ, ಬಟ್ಟೆಯ ೧೦ ಸೆಂಟಿಮೀಟರ್ ಭಾಗವನ್ನು ಎರಡು ಕೈಗಳಲ್ಲಿ ಹಿಡಿದು ೧೫ಕ್ಕೆ ಎಳೆದು, ಮೂವತ್ತು ಎಣಿಸಿ ಬಿಡಿ. ಅದು ಕೂಡಲೆ ಹತ್ತಕ್ಕೆ ಮರಳಬೇಕು. ಉದ್ದಕ್ಕೂ ಅಡ್ಡಕ್ಕೂ ಈ ಪರೀಕ್ಷೆಯನ್ನು ಮಾಡಿ. ಎರಡನೆಯದಾಗಿ, ಹಾಗೆ ಎಳೆದ ಬಟ್ಟೆಯ ಹಿಂದೆ ಅಚ್ಚಿನ ಕಾಗದವೊಂದನ್ನು ಹಿಡಿಸಿ. ಅಕ್ಷರಗಳು ಓದಲು ಬಂದರೆ ಆ ಉಡುಪು ಬೇಡ. ಮೂರನೆಯದಾಗಿ, ತೊಟ್ಟುಕೊಂಡು ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ಕುಕ್ಕರಿಸಿ, ಬಾಗಿ ನೋಡಿ.

ಸೊಂಟದ ಪಟ್ಟಿ ಅಗಲವಾಗಿರಲಿ. ಉಡುಪನ್ನು ಸೊಂಟದಲ್ಲಿ ನಿಲ್ಲಿಸಲು ಬೇಕಾದ ಎಳೆತವು ೨ ಸೆಂಟಿಮೀಟರ್ ಅಗಲದ ಇಲಾಸ್ಟಿಕ್ಕಿನಲ್ಲಿರುವುದಕ್ಕಿಂತ ೧೦ ಸೆಂಟಿಮೀಟರ್ ಪಟ್ಟಿಯಲ್ಲಿ ಹರಡಿದಾಗ, ಮೈಮೇಲಿನ ಒತ್ತಡವು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಎದೆಯ ಒಳಉಡುಪನ್ನು ತೊಟ್ಟು ದೀರ್ಘವಾಗಿ ಉಸಿರೆಳೆದು ನೋಡುವುದೂ ಅಗತ್ಯ. ಪಿಲಾಟೆಸ್‌ನಲ್ಲಿ ಪಕ್ಕೆಲುಬುಗಳನ್ನು ಅಗಲಿಸಿ ಉಸಿರಾಡಲು ಕಲಿಸುತ್ತಾರೆ. ಕೆಳಗಣ ಪಟ್ಟಿಯು ಅದನ್ನು ತಡೆದರೆ ವ್ಯಾಯಾಮದ ಅರ್ಧ ಪ್ರಯೋಜನ ನಷ್ಟವಾದಂತೆ. ಮೈಗಂಟುವ ಉಡುಪಿಗೆ ಸಂಕೋಚಪಡುವವರು ಲೆಗ್ಗಿಂಗ್ಸ್ ಮೇಲೆ ಸೊಂಟದಿಂದ ಕೆಳಗಿಳಿಯುವ, ಮೈಗೊಪ್ಪುವ ಅಂಗಿಯನ್ನು ತೊಡಬಹುದು. ಇದರಿಂದ ಕಲಿಕೆಗೆ ಅಡ್ಡಿಯಿಲ್ಲ.

ಇನ್ನು ಬೆವರಿನ ಮಾತು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು ೨,೪೦೦ ಜೂಲ್ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಹತ್ತಿಯ ಎಳೆ ತೇವವನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಸಾಧಾರಣ ತೇವದ ಗಾಳಿಯಲ್ಲಿಯೇ ಅದು ತನ್ನ ತೂಕದ ನೂರಕ್ಕೆ ಸುಮಾರು ೮ ಪಾಲು ನೀರನ್ನು ಹಿಡಿದಿರುತ್ತದೆ. ನೈಲಾನ್ ೪ ಪಾಲನ್ನು, ಪಾಲಿಯೆಸ್ಟರ್ ಅರ್ಧ ಪಾಲಿಗಿಂತಲೂ ಕಡಿಮೆಯನ್ನು. ಆದುದರಿಂದ ಹತ್ತಿ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಕೃತಕ ಎಳೆಗಳ ಸಂದುಗಳಲ್ಲಿ ಬೆವರು ಹರಡಿ ಬೇಗನೆ ಆರುತ್ತದೆ. ನೆಲದ ಮೇಲೆ ನಿಧಾನವಾಗಿ ಮಾಡುವ ವ್ಯಾಯಾಮಕ್ಕೆ ಇಲಾಸ್ಟೇನ್ ಬೆರೆತ ಹತ್ತಿಯೂ ಸಾಕು. ಬಹಳ ಬೆವರುವವರಿಗೆ ನೈಲಾನ್ ಮೇಲು. ಪಾಲಿಯೆಸ್ಟರ್ ಅಗ್ಗವಾದರೂ ಮೈಯ ಜಿಡ್ಡನ್ನು ಹಿಡಿದುಕೊಂಡು ವಾಸನೆಯನ್ನು ಉಳಿಸಿಕೊಳ್ಳುತ್ತದೆ.

ಒಗೆಯುವ ಕ್ರಮ

ಒದ್ದೆಯಾದ ಉಡುಪನ್ನು ಚೀಲದಲ್ಲಿ ಮುದುರಿಡಬೇಡಿ. ಮನೆಗೆ ಬಂದೊಡನೆ ತಣ್ಣೀರಿನಲ್ಲಿ ಜಾಲಿಸಿ. ಒಗೆಯುವಾಗ ಒಳಮಗ್ಗುಲನ್ನು ಹೊರಗೆ ಮಾಡಿ, ೩೦ ಡಿಗ್ರಿಗೆ ಮೀರದ ನೀರಿನಲ್ಲಿ, ಸೌಮ್ಯವಾದ ದ್ರವ ಮಾರ್ಜಕವನ್ನು ಬಳಸಿ. ಕೊಳವೆಬಾವಿಯ ಗಡಸುನೀರಿನಲ್ಲಿ ಬಾರ್ ಸೋಪು ಒಳ್ಳೆಯದಲ್ಲ. ನೀರಿನ ಕ್ಯಾಲ್ಸಿಯಮ್ ಸೋಪಿನೊಡನೆ ಸೇರಿ ಕರಗದ ಕಿಟ್ಟವಾಗಿ ಎಳೆಗಳ ಸಂದಿನಲ್ಲಿ ಕೂಡುತ್ತದೆ. ಬಟ್ಟೆಯನ್ನು ಮೃದುಗೊಳಿಸುವ ದ್ರಾವಣಗಳೂ ಎಳೆಗಳ ಮೇಲೆ ಜಿಡ್ಡಿನ ಪದರವನ್ನು ಬಿಟ್ಟು ಬೆವರು ಹರಡುವುದನ್ನು ತಡೆಯುತ್ತವೆ. ಬ್ಲೀಚ್ ಸರ್ವಥಾ ಕೂಡದು. ಕಲ್ಲಿನ ಮೇಲೆ ಬಡಿಯಬಾರದು. ಯಂತ್ರದಲ್ಲಿ ಹಾಕುವುದಾದರೆ ಬಲೆಯ ಚೀಲದೊಳಗಿಟ್ಟು, ಜೀನ್ಸ್ ಮುಂತಾದ ಒರಟು ಬಟ್ಟೆಗಳಿಂದ ಬೇರ್ಪಡಿಸಿ.

ಹಿಂಡಿ ತಿರುಚುವ ಬದಲು, ಒಣ ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಒದ್ದೆ ಬಟ್ಟೆಯನ್ನು ಒಂದು ತುದಿಯಿಂದ ತೂಗುಹಾಕಿದರೆ ನೀರಿನ ಭಾರವೇ ಅದನ್ನು ಎಳೆಯುತ್ತದೆ. ಹಗ್ಗದ ಮೇಲೆ ನಡುವಿಗೆ ಮಡಿಚಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ನಮ್ಮ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ನೈಲಾನನ್ನೂ ಬಣ್ಣವನ್ನೂ ಕೆಡಿಸುತ್ತವೆ. ಇಸ್ತ್ರಿಯ ಅಗತ್ಯವೇ ಇಲ್ಲ.

ಉಡುಪಿನ ಒಳಗೆ ಹೊಲಿದ ಚೀಟಿಯ ಚಿತ್ರಗಳನ್ನೂ ಓದಲು ಕಲಿಯುವುದು ಒಳ್ಳೆಯದು. ನೀರಿನ ತೊಟ್ಟಿಯೊಳಗಿನ ಅಂಕಿ ಒಗೆಯಬಹುದಾದ ನೀರಿನ ಗರಿಷ್ಠ ಉಷ್ಣತೆ, ತ್ರಿಕೋನವೆಂದರೆ ಬ್ಲೀಚ್, ಚೌಕದೊಳಗಿನ ವೃತ್ತವೆಂದರೆ ಒಣಗಿಸುವ ಯಂತ್ರ. ಇವುಗಳ ಮೇಲೆ ಕತ್ತರಿ ಗುರುತಿದ್ದರೆ ಆ ಕ್ರಿಯೆ ನಿಷಿದ್ಧ.

ಇಷ್ಟು ಮಾಡಿದರೂ ಇಲಾಸ್ಟೇನ್ ಚಿರಂಜೀವಿಯಲ್ಲ. ಎರಡು ಜೊತೆಗಳನ್ನಿಟ್ಟುಕೊಂಡು ಸರದಿಯಂತೆ ತೊಟ್ಟರೆ ಒಂದೊಂದಕ್ಕೂ ಒಗೆತ ಅರ್ಧವಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಹತ್ತು-ಹದಿನೈದರ ಪರೀಕ್ಷೆಯನ್ನು ಪುನಃ ಮಾಡಿ, ಹತ್ತಕ್ಕೆ ಮರಳದ ಉಡುಪನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಹುದು. ನಾನು ಎರಡನೆಯ ಬಾರಿ ಕೊಂಡ ಲೆಗ್ಗಿಂಗ್ಸ್ ಈಗ ಎರಡು ವರ್ಷಗಳಿಂದ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದೆ. ತರಗತಿಯನ್ನೂ ಆ ಬಳಿಕ ಉಡುಪಿನ ಕಾರಣದಿಂದ ಒಂದು ದಿನವೂ ತಪ್ಪಿಸಿಲ್ಲ.