ಕಾಲ್ಚೆಂಡಿನ ಗುರು ರಹೀಂ ಸಾಹೇಬರು

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ (1909–1963) ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕಾಲ್ಚೆಂಡಿನ ತಂಡದಲ್ಲಿ ಆಡಿದವರು. ಶಾಲಾ ಉಪಾಧ್ಯಾಯರೂ ಆಗಿದ್ದರು. ನಮ್ಮ ವೃತ್ತಿಯವರೆಂಬ ಅಭಿಮಾನ ನನಗುಂಟು. ಹೈದರಾಬಾದ್ ನಗರ ಪೊಲೀಸ್ ತಂಡಕ್ಕೂ 1950ರಲ್ಲಿ ಭಾರತ ತಂಡಕ್ಕೂ ತರಬೇತುದಾರರಾದರು. ಅವರ ಪಾಠಕ್ರಮವನ್ನು ನಮ್ಮ ರೊದ್ದಂ ಬಾಲಕರು ಗಮನಿಸಬೇಕು: ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಒದೆಯತಕ್ಕದ್ದೆಂದು ನಿಯಮ ಮಾಡಿ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಬಲವಿಲ್ಲದ ಕಾಲೂ ಹೀಗೆ ಪಳಗುತ್ತಿತ್ತು.

1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಕನ್ನಡನಾಡಿನ ಕೆಂಪಯ್ಯನವರೂ ಇದ್ದರು.

1962ರಲ್ಲಿ ಜಕಾರ್ತಕ್ಕೆ ಹೋದಾಗ ರಹೀಮರನ್ನು ಅರ್ಬುದರೋಗ ಹಿಡಿದಿತ್ತು. ತಲೆಗೆ ಗಾಯವಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ಅಂತಿಮ ಪಂದ್ಯದಲ್ಲಿ ಮುಂಚೂಣಿಯಲ್ಲಿ ಆಡಿಸಿದರು. ಅವರೇ ಒಂದು ಗೋಲು ಹೊಡೆದರು. ದಕ್ಷಿಣ ಕೊರಿಯ 2–1ರಿಂದ ಸೋತಿತು. ಮರುವರ್ಷ ಜೂನ್ 11ರಂದು ರಹೀಂ ತೀರಿಕೊಂಡರು.