ಐದು ಯೂರೋವಿನ ಲೆಕ್ಕ

ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ನೆಲಸಿದ ಮೊದಲ ದಿನಗಳಲ್ಲಿ, ಮೈಸೂರಿನಿಂದ ತಂದಿದ್ದ ರಕ್ತದೊತ್ತಡದ ಮಾತ್ರೆಗಳು ಮುಗಿಯುತ್ತ ಬಂದಾಗ, ನಮ್ಮೂರಿನ ವೈದ್ಯರ ಚೀಟಿಯನ್ನು ಹಿಡಿದು, ಕೆಂಪು 'ಎ' ಅಕ್ಷರದ ಫಲಕವುಳ್ಳ ಔಷಧಾಲಯವೊಂದನ್ನು ನಾನು ಪ್ರವೇಶಿಸಿದೆನು. ಅಲ್ಲಿದ್ದ ಮಹಿಳೆಯು ಚೀಟಿಯನ್ನು ಆದರದಿಂದಲೇ ಓದಿ, ಭಾರತದ ವೈದ್ಯರ ಬರಹದ ಮೇಲೆ ಔಷಧ ಕೊಡಲು ತಮಗೆ ಅಧಿಕಾರವಿಲ್ಲವೆಂದು ತಿಳಿಸಿ, ಮಾತ್ರೆಯ ಕಂಪನಿ ಹೆಸರನ್ನು ಬಿಟ್ಟು ಅದರೊಳಗಿನ ದ್ರವ್ಯವಾದ ಆಮ್ಲೋಡಿಪೀನ್ ಎಂಬುದನ್ನೂ ಅದರ ಪ್ರಮಾಣವನ್ನೂ ಒಂದು ಕಾಗದದಲ್ಲಿ ಬರೆದುಕೊಟ್ಟು, ಇದನ್ನು ಇಲ್ಲಿನ ವೈದ್ಯರಿಗೆ ತೋರಿಸಿರೆಂದರು. ಪರದೇಶವಾಸದಲ್ಲಿ ಅದಕ್ಕಿಂತ ಉಪಯುಕ್ತವಾದ ಕಾಗದವನ್ನು ನನಗೆ ಯಾರೂ ಕೊಟ್ಟದ್ದಿಲ್ಲ.

"ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತೆ ಕಣೋ, ಅಂಚೆಯಲ್ಲಿ ಕಳಿಸ್ತೀನಿ" ಎಂದಳು ಅಕ್ಕ. ಪ್ರಯಾಣಿಕನು ಸ್ವಂತ ಬಳಕೆಗೆ ಬೇಕಾದಷ್ಟನ್ನು ತನ್ನೊಡನೆ ತರಬಹುದೇ ಹೊರತು, ಐರೋಪ್ಯ ಒಕ್ಕೂಟದ ಹೊರಗಿನಿಂದ ಅಂಚೆಯಲ್ಲಿ ಔಷಧ ತರಿಸಿಕೊಳ್ಳುವುದು ಇಲ್ಲಿ ನಿಷಿದ್ಧವೆಂದು ಅವಳಿಗೆ ಒಪ್ಪಿಸಲು ಒಂದು ಸಂಜೆಯೇ ಹಿಡಿಯಿತು.

ಸಾರ್ವಜನಿಕ ಆರೋಗ್ಯವಿಮೆಯುಳ್ಳ ವಯಸ್ಕನು ವೈದ್ಯರು ಬರೆದ ಪ್ರತಿಯೊಂದು ಔಷಧಕ್ಕೂ ಬೆಲೆಯ ಹತ್ತನೆಯ ಒಂದು ಪಾಲನ್ನು ತಾನು ತೆರತಕ್ಕದ್ದು. ಆ ಪಾಲು ಸಾಮಾನ್ಯವಾಗಿ 5 ಯೂರೋಗಿಂತ ಕಡಮೆಯಾಗದು, 10 ಯೂರೋಗಿಂತ ಹೆಚ್ಚಾಗದು. 'ತ್ಸೂತ್ಸಾಲುಂಗ್' ಎಂದು ಇದಕ್ಕೆ ಹೆಸರು. ಅಲ್ಪ ಮೊಬಲಗೆಂದು ನಾನು ಇದನ್ನು ಗಣನೆಗೆ ತಂದುಕೊಳ್ಳಲಿಲ್ಲ. ರಕ್ತದೊತ್ತಡ, ಥೈರಾಯ್ಡ್, ಕೊಲೆಸ್ಟರಾಲ್ ಎಂದು ಮೂರು ಬಗೆಯ ಮಾತ್ರೆಗಳ ಸಣ್ಣ ಪೆಟ್ಟಿಗೆಗಳನ್ನು ತಿಂಗಳು ತಿಂಗಳೂ ಕೊಳ್ಳುತ್ತ, ವರ್ಷಕ್ಕೆ 180 ಯೂರೋ ತೆತ್ತೆನು. ದರ ನಿಗದಿಯಾಗುವುದು ಪೆಟ್ಟಿಗೆಗೆ, ಮಾತ್ರೆಗಲ್ಲ. ನೂರು ಮಾತ್ರೆಗಳ 'ಎನ್-3' ಪೆಟ್ಟಿಗೆಗೂ ನಾನು ತೆರಬೇಕಾದುದು ಅದೇ 5 ಯೂರೋ. ಚಿಕಿತ್ಸೆ ಸ್ಥಿರಗೊಂಡಿರುವುದರಿಂದ ದೊಡ್ಡ ಪೆಟ್ಟಿಗೆಯನ್ನೇ ಬರೆಯಬಹುದೇ ಎಂದು ವೈದ್ಯರನ್ನು ಒಂದು ಮಾತು ಕೇಳಿದ್ದರೆ ವರ್ಷದ ವೆಚ್ಚ 60 ಯೂರೋವಿನಲ್ಲಿ ಮುಗಿಯುತ್ತಿತ್ತು. ಭಾಷೆ ಸರಾಗವಾಗಿ ಬಾರದವನು ವೈದ್ಯರ ಎದುರು ಅಗತ್ಯದ ಮಾತನ್ನಷ್ಟೇ ಆಡಿ ಎದ್ದು ಬರುತ್ತಾನೆ. ಆ ಸಂಕೋಚಕ್ಕೆ ತೆರುವ ಹಣ ಯಾವ ರಸೀತಿಯಲ್ಲಿಯೂ ಕಾಣುವುದಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಎರಡನೆಯ ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಕಾಲು ಮುರಿದುಕೊಂಡು ಹತ್ತು ದಿನ ಆಸ್ಪತ್ರೆಯಲ್ಲಿದ್ದೆನು. ಅಲ್ಲಿಯೂ ದಿನಕ್ಕೆ 10 ಯೂರೋ ರೋಗಿಯ ಪಾಲು. ಇದು ವರ್ಷದಲ್ಲಿ 28 ದಿನಗಳವರೆಗೆ ಮಾತ್ರ. ಪಕ್ಕದ ಹಾಸಿಗೆಯಲ್ಲಿದ್ದ ವೃದ್ಧರು, ಇಂತಹ ಪಾಲುಗಳೆಲ್ಲ ಸೇರಿ ಕುಟುಂಬದ ವಾರ್ಷಿಕ ಆದಾಯದ ಶೇಕಡ 2ನ್ನು ಮೀರಿದರೆ ಮಿಕ್ಕುದನ್ನು ವಿಮಾಸಂಸ್ಥೆ ಹಿಂದಿರುಗಿಸುವುದೆಂದೂ, ದೀರ್ಘಕಾಲದ ರೋಗಕ್ಕೆ ಸತತ ಚಿಕಿತ್ಸೆ ಪಡೆಯುವವರೆಂದು ವೈದ್ಯರು ದೃಢೀಕರಿಸಿದವರಿಗೆ ಆ ಮಿತಿ ಶೇಕಡ 1 ಮಾತ್ರವೆಂದೂ, ಆದರೆ ಅರ್ಜಿ ಹಾಕಿದವನಿಗಲ್ಲದೆ ಅದು ದೊರೆಯದೆಂದೂ ಹೇಳಿದರು. ಅರೆಕಾಲಿಕ ಬೋಧನೆಯಿಂದ ಒಂಟಿಯಾಗಿ ಬಾಳುವ ನನ್ನ ಆ ವರ್ಷದ ಆದಾಯ 24,000 ಯೂರೋ, ಮಿತಿ 240. ನಾನು ತೆತ್ತಿದ್ದುದು 280.

ಆದರೆ ರಸೀತಿಗಳೆಲ್ಲಿ? 2024ರಿಂದ ವೈದ್ಯರ ಚೀಟಿಯೇ ವಿದ್ಯುನ್ಮಾನ ರೂಪ ತಾಳಿದೆ. ವಿಮೆಯ ಕಾರ್ಡನ್ನು ಯಂತ್ರದೊಳಗಿಟ್ಟರೆ ಸಾಕು, ಔಷಧ ಕೈಸೇರುತ್ತದೆ. ಹೀಗಿರುವಲ್ಲಿ ರೋಗಿಯ ಬಳಿ ಉಳಿಯುವ ಕಾಗದವೆಂದರೆ ರಸೀತಿಯೊಂದೇ, ಅದನ್ನು ನಾನು ಪ್ರತಿ ಸಲವೂ ಚೆಲ್ಲಿದ್ದೆನು. ಊರುಗೋಲೂರುತ್ತ ಅದೇ ಔಷಧಾಲಯಕ್ಕೆ ಹೋಗಿ ವಿಷಯ ಹೇಳಲು, ಆ ಮಹಿಳೆಯು ತಮ್ಮಲ್ಲಿ ಗ್ರಾಹಕನಾಗಿ ನನ್ನ ಹೆಸರು ದಾಖಲಾಗಿರುವುದನ್ನು ನೋಡಿ, ವರ್ಷವಿಡೀ ನಾನು ತೆತ್ತುದರ ಪಟ್ಟಿಯನ್ನು ಮುದ್ರಿಸಿ ಮೊಹರೊತ್ತಿ ಕೊಟ್ಟರು. ಆಸ್ಪತ್ರೆಯ ಬಿಲ್ಲು, ವೈದ್ಯರ ದೃಢೀಕರಣ, ಸಂಬಳದ ಪತ್ರಗಳೊಡನೆ ಅದನ್ನು ಲಗತ್ತಿಸಿ ಕಳುಹಿಸಿದೆನು. ಐದು ವಾರಗಳ ತರುವಾಯ 40 ಯೂರೋ ನನ್ನ ಖಾತೆಗೆ ಬಂದಿತು. ಆ ಹೊತ್ತಿಗೆ ಮೇಜಿನ ಮೇಲೆ ನೂರು ಮಾತ್ರೆಗಳ ಮೂರು ಪೆಟ್ಟಿಗೆಗಳಿದ್ದುವು, ಅವುಗಳ ರಸೀತಿ ಒಂದು ಲಕೋಟೆಯೊಳಗಿತ್ತು.