ಎದೆಮೂಳೆ ಮುರಿದರೆ ಉಸಿರು ಬಿಗಿಹಿಡಿಯಬೇಡಿ

ಕೆಲವು ವರ್ಷಗಳ ಹಿಂದೆ ಐವತ್ತೆಂಟರ ದಿನಸಿ ವ್ಯಾಪಾರಿಯೊಬ್ಬರನ್ನು ಅವರ ಪತ್ನಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಐದು ದಿನಗಳ ಹಿಂದೆ ಅವರ ಕಾರು ರಸ್ತೆ ಬದಿಯ ಮರಕ್ಕೆ ಡಿಕ್ಕಿ ಹೊಡೆದಿತ್ತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಎದೆಮೂಳೆ ಬಿರುಕು ಬಿಟ್ಟಿದೆ, ಹೃದಯಕ್ಕೇನೂ ಆಗಿಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಈಗ ನೋಡಿದರೆ 102 ಡಿಗ್ರಿ ಜ್ವರ, ಮೇಲುಸಿರು. ಅಂಗಿ ಬಿಚ್ಚಿಸಿದೆ. ಎದೆಯ ಸುತ್ತ ಹಳೇ ಪಂಚೆಯ ಬಿಗಿಯಾದ ಕಟ್ಟು! "ಮುರಿದ ಮೂಳೆ ಅಲ್ಲಾಡಬಾರದು ಅಂತ ನಾನೇ ಕಟ್ಟಿದೆ ಡಾಕ್ಟ್ರೇ. ಕೆಮ್ಮು ಬಂದ್ರೂ ಇವರು ತಡ್ಕೊಂಡೇ ಇದಾರೆ" ಎಂದರು ಆಕೆ. ಮೂಳೆ ತನ್ನ ಪಾಡಿಗೆ ತಾನು ಕೂಡುತ್ತಿತ್ತು. ಆದರೆ ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆರಂಭವಾಗಿತ್ತು.

ಎದೆಮೂಳೆ ಅಥವಾ ಸ್ಟರ್ನಮ್ ಎಂಬುದು ಕುತ್ತಿಗೆಯ ಕೆಳಗಿನ ಗುಳಿಯಿಂದ ಹೊಟ್ಟೆಯ ಮೇಲ್ಭಾಗದವರೆಗೆ ಎದೆಯ ನಡುವೆ ಇಳಿಯುವ ಚಪ್ಪಟೆ ಮೂಳೆ. ಮೇಲಿನ ಏಳು ಜೊತೆ ಪಕ್ಕೆಲುಬುಗಳು ಮೃದ್ವಸ್ಥಿಯ ಮೂಲಕ ಇದಕ್ಕೆ ಅಂಟಿಕೊಂಡಿವೆ. (ಇದರ ಕೆಳತುದಿ ಕೆಲವರ ಕೈಗೆ ಗಂಟಿನಂತೆ ಸಿಗುತ್ತದೆ. ಅದನ್ನು ಗೆಡ್ಡೆಯೆಂದು ಹೆದರಿ ಬರುವವರಿದ್ದಾರೆ!) ವಾಹನ ಅಪಘಾತದಲ್ಲಿ ಸ್ಟೀರಿಂಗ್ ಚಕ್ರ ಅಥವಾ ಸೀಟ್ ಬೆಲ್ಟ್ ಎದೆಯನ್ನು ಒತ್ತಿದಾಗ ಇದು ಮುರಿಯುವುದು ಹೆಚ್ಚು. ಮೂಳೆ ಸವೆದ ವೃದ್ಧೆಯರಲ್ಲಿ ಸಣ್ಣ ಪೆಟ್ಟೂ ಸಾಕು.

ಬೆಲ್ಟ್ ಹಾಕಿದ್ದರಿಂದಲೇ ಮೂಳೆ ಮುರಿಯಿತಲ್ಲ, ಇನ್ನು ಹಾಕುವುದಿಲ್ಲ ಎನ್ನುವವರು ನನಗೆ ಸಿಕ್ಕಿದ್ದಾರೆ. ಬೆಲ್ಟ್ ಇಲ್ಲದಿದ್ದರೆ ತಲೆ ಗಾಜಿಗೆ ಬಡಿಯುತ್ತಿತ್ತು ಎಂಬುದನ್ನು ಅವರು ಮರೆಯುತ್ತಾರೆ.

ಈ ಮೂಳೆಯ ಮುರಿತಕ್ಕಿಂತ ಅದರ ಹಿಂದೆ ಏನಾಗಿದೆ ಎಂಬುದೇ ವೈದ್ಯರ ಮೊದಲ ಚಿಂತೆ, ಏಕೆಂದರೆ ಹಿಂದೆಯೇ ಹೃದಯವಿದೆ. ಆದ್ದರಿಂದ ಎದೆಗೆ ಬಲವಾದ ಪೆಟ್ಟು ಬಿದ್ದವರು ನೋವು ಎಷ್ಟೇ ಕಡಿಮೆಯಿರಲಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಹೃದಯದ ಸ್ನಾಯುವಿಗೆ ಏಟಾಗಿದೆಯೇ ಎಂದು ತಿಳಿಸುತ್ತದೆ. ಎದುರಿನಿಂದ ತೆಗೆದ ಎಕ್ಸ್-ರೇಯಲ್ಲಿ ಈ ಮುರಿತ ಸಾಮಾನ್ಯವಾಗಿ ಕಾಣುವುದಿಲ್ಲ. ಪಕ್ಕದಿಂದ ತೆಗೆಯಬೇಕು, ಸಂಶಯವಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಬೆನ್ನಿನಲ್ಲಿ ನೋವಿದ್ದರೆ ಅದನ್ನೂ ಹೇಳಿ, ಬೆನ್ನುಮೂಳೆಗೂ ಏಟಾಗಿರಬಹುದು.

ಹೃದಯಕ್ಕೆ, ಶ್ವಾಸಕೋಶಕ್ಕೆ ತೊಂದರೆಯಿಲ್ಲವೆಂದಾದರೆ ಬಹುಪಾಲು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಬೇಡ. ತುಂಡುಗಳು ಬಹಳ ಸರಿದಿದ್ದರೆ ಮಾತ್ರ ಪ್ಲೇಟು ಹಾಕಿ ಕೂಡಿಸುತ್ತಾರೆ. ಕೈಕಾಲಿಗೆ ಹಾಕುವಂತೆ ಇಲ್ಲಿ ಪ್ಲಾಸ್ಟರ್ ಹಾಕುವುದಿಲ್ಲ. ಹಾಕುವುದಾದರೂ ಹೇಗೆ? ನಿಮಿಷಕ್ಕೆ 15 ಉಸಿರೆಂದರೂ ದಿನಕ್ಕೆ 21,600 ಬಾರಿ ಎದೆಗೂಡು ಏರಿಳಿಯಬೇಕು. ಹೀಗೆ ಅಲುಗಾಡುತ್ತಲೇ ಆರರಿಂದ ಹನ್ನೆರಡು ವಾರಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಕಟ್ಟು ಬಿಗಿದು, ನೋವಿಗೆ ಅಂಜಿ ಮೇಲುಮೇಲೆ ಉಸಿರಾಡಿದರೆ ಕಫ ಒಳಗೇ ಉಳಿಯುತ್ತದೆ. ನಮ್ಮ ವ್ಯಾಪಾರಿಗೆ ಆದದ್ದು ಇದೇ.

ಹೀಗಾಗಿ ನೋವಿನ ಮಾತ್ರೆಯನ್ನು ಸಹಿಸಲಾಗದೆ ಹೋದಾಗ ಮಾತ್ರ ನುಂಗುವುದಲ್ಲ. ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಚೆನ್ನಾಗಿ ಉಸಿರಾಡಲಿ ಎಂದೇ ಅದನ್ನು ಕೊಡುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಹುಣ್ಣು ಇದ್ದವರು ಅಂಗಡಿಯಿಂದ ತಾವೇ ಮಾತ್ರೆ ತರಬೇಡಿ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ನಿಧಾನವಾಗಿ ಆಳವಾಗಿ ಉಸಿರೆಳೆದು, ಎರಡು ಕ್ಷಣ ತಡೆದು ಬಿಡಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ ಕಫ ಹೊರಹಾಕಿ. ನಗುವಾಗ, ಸೀನುವಾಗಲೂ ದಿಂಬು ಒಳ್ಳೆಯ ಗೆಳೆಯ. ರಾತ್ರಿ ಎರಡು ಮೂರು ದಿಂಬಿಗೆ ಒರಗಿ ಮಲಗಿದರೆ ನೋವು ಕಡಿಮೆ. ಹಗಲಿಡೀ ಮಲಗಬೇಡಿ, ಮನೆಯೊಳಗೆ ಓಡಾಡಿ. ಬೀಡಿ ಸಿಗರೇಟು ಕೂಡದು. ಮಲಬದ್ಧತೆಯಾಗಿ ಮುಕ್ಕಿದರೆ ಎದೆ ನೋಯುವುದರಿಂದ ಸೊಪ್ಪು, ಪರಂಗಿ ಹಣ್ಣು, ನೀರು ಧಾರಾಳವಾಗಿರಲಿ.

ಉಸಿರುಗಟ್ಟುವಿಕೆ ಹೆಚ್ಚಿದರೆ, ಎದೆ ಡವಗುಟ್ಟಿದರೆ, ತಲೆ ಸುತ್ತಿ ಬಂದರೆ, ಜ್ವರ ಅಥವಾ ಹಳದಿ ಕಫ, ಕಫದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮೊಮ್ಮಕ್ಕಳನ್ನು ಎತ್ತುವುದು ಕನಿಷ್ಠ ಆರು ವಾರ ಬೇಡ. ಕುಳಿತು ಮಾಡುವ ಕೆಲಸವಾದರೆ ನೋವು ಹದಕ್ಕೆ ಬಂದೊಡನೆ ಹೋಗಬಹುದು. ಸ್ಟೀರಿಂಗ್ ತಿರುಗಿಸಲು, ಥಟ್ಟನೆ ಬ್ರೇಕ್ ಒತ್ತಲು ನೋವಿಲ್ಲ ಎನ್ನಿಸಿ ವೈದ್ಯರು ಒಪ್ಪಿದ ಮೇಲೆಯೇ ವಾಹನ ಓಡಿಸಿ. ಹವೆ ತಂಪಾದಾಗ, ಮಗ್ಗುಲು ಬದಲಿಸಿದಾಗ ಚುಳ್ಳೆನ್ನುವುದು ಕೆಲವರಿಗೆ ಮೂರು ತಿಂಗಳ ನಂತರವೂ ಇರುತ್ತದೆ. ಒಳಗೆ ಕಟಕ್ ಎಂಬ ಸದ್ದು, ಮೂಳೆ ಜಾರಿದ ಅನುಭವ ಇದ್ದರೆ ಮಾತ್ರ ಮತ್ತೆ ತೋರಿಸಿ.

ನಮ್ಮ ವ್ಯಾಪಾರಿ ಒಂದು ವಾರ ಆಸ್ಪತ್ರೆಯಲ್ಲಿದ್ದು ಗುಣವಾದರು. ಎರಡು ತಿಂಗಳಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರು. ಮೂಟೆ ಎತ್ತುವುದನ್ನು ಮಗನಿಗೆ ವಹಿಸಿದ್ದಾರಂತೆ.